ಚಂಚಿಯೊಳಗಿನ ಬಿಳಿ ಗುಳಿಗೆ

ಮಸಗುಪ್ಪಿಯ ಕೆಂಚಪ್ಪ ತನ್ನ ಹೊಲದಲ್ಲಿ ನಿಂತು ಒಮ್ಮೆ ಸೀನಿದರೆ ಸಾಕು, ಧುಪದಾಳದಲ್ಲಿ ಹೊಳೆಯ ನೀರು ಹಿಂದಕ್ಕೆ ಸರಿದು ನಿಲ್ಲುತ್ತದೆ. ಒಂದು ಬುಟ್ಟಿ ಕರದಂಟು ತಿಂದರೂ ಅವನಿಗೆ ತೇಗು ಬರುವುದಿಲ್ಲ. ಜ್ವರ ಎಂಬುದು ಮೂಡಲಗಿಯಿಂದ ಹೊರಟು ಊರ ಅಗಸೆ ಬಾಗಿಲವರೆಗೆ ಬರುತ್ತದೆ. ಕೆಂಚಪ್ಪ ಮನೆಯಲ್ಲಿದ್ದಾನೆಂದು ಗೊತ್ತಾದರೆ ಅಲ್ಲಿಂದಲೇ ತಿರುಗಿ ಹೋಗುತ್ತದೆ. ಹುಟ್ಟಿದಾಗಿನಿಂದ ಒಂದು ಗುಳಿಗೆಯನ್ನೂ ನುಂಗದ ದೇಹ ಅದು.

ಇದನ್ನೆಲ್ಲ ಹೇಳಿಕೊಂಡು ತಿರುಗುತ್ತಿದ್ದವನು ಕೆಂಚಪ್ಪನೇ. ನಂಬಿದವಳು ಒಬ್ಬಳೇ, ಅವನ ಹೆಂಡತಿ ಶಿವವ್ವ.

ಆ ಶಿವವ್ವ ಈಗ ದವಾಖಾನೆಯ ಮಂಚದ ಮೇಲಿದ್ದಳು. ಬೆಳಿಗ್ಗೆ ಎಮ್ಮೆ ಹಿಂಡಲು ಕೂತವಳು ಮೈಯೆಲ್ಲ ಬೆವೆತು, ಏನೇನೋ ತೊದಲಿ, ಮೇವಿನ ಗೋದಲಿಯ ಪಕ್ಕದಲ್ಲೇ ಉರುಳಿಬಿದ್ದಿದ್ದಳು. ಬಾಜೂ ಮನೆಯ ಕಮಲವ್ವ ಗಾಡಿ ತರಿಸಿ, ತಾನೂ ಜೊತೆಗೆ ಬಂದಿದ್ದಳು. ರಕ್ತದಲ್ಲಿ ಸಕ್ಕರೆ ತೀರ ಇಳಿದಿದೆ ಎಂದು ಡಾಕ್ಟರ್ ತೇಜಸ ಕೂಡಲೇ ಗ್ಲುಕೋಸ್ ಕೊಟ್ಟರು. ಶಿವವ್ವ ಕಣ್ಣು ತೆರೆದು, "ಎಮ್ಮಿ ಕಟ್ಟೀರೇನ್ರಿ?" ಎಂದಳು. ಕೆಂಚಪ್ಪನಿಗೆ ಹೋದ ಜೀವ ಬಂದಂತಾಯಿತು. ಆದರೆ ಮಧ್ಯಾಹ್ನದ ಹೊತ್ತಿಗೆ ಅವಳ ಹಣೆ ಮತ್ತೆ ಬೆವರಿತು. ಮಾತು ಮತ್ತೆ ತೊದಲಿತು.

"ಏರಿಸಿದ್ದು ಮತ್ತ ಇಳ್ಯಾಕತ್ತೈತಿ," ಎಂದರು ಡಾಕ್ಟರ್. "ಯಾಕ ಇಳಿತೈತಿ ಅಂತ ತಿಳೀಲಿಲ್ಲಂದ್ರ ಜೀವಕ್ಕ ಅಪಾಯ ಐತ್ರಿ ಕಾಕಾ. ಇವರು ಸಕ್ಕರಿ ಬ್ಯಾನಿ ಗುಳಿಗಿ ತಗೋತಾರೇನು?"

"ಇಲ್ರಿ ಸಾಹೇಬ್ರ, ಬಿಪಿ ಗುಳಿಗಿ ಅಷ್ಟ. ನಾನ ನನ್ನ ಕೈಯಾರೆ ಕೊಡತೇನಿ. ಸೂರ್ಯ ಹೊತ್ತ ತಪ್ಪಬಹುದು, ನಾ ತಪ್ಪಂಗಿಲ್ಲ."

"ಮನ್ಯಾಗ ಬ್ಯಾರೆ ಯಾರಿಗರೆ ಸಕ್ಕರಿ ಬ್ಯಾನಿ ಐತೇನ್ರಿ?"

ಕಮಲವ್ವ ಅಲ್ಲೇ ನಿಂತಿದ್ದಳು. ಅವಳ ಕಿವಿಗೆ ಬಿದ್ದದ್ದು ಸಂಜೆಯೊಳಗೆ ನಾಗನೂರನ್ನೂ ದಾಟುತ್ತದೆ ಎಂಬುದು ಕೆಂಚಪ್ಪನಿಗೆ ಗೊತ್ತು.

"ನಮ್ಮ ಮನ್ಯಾಗ? ನನಗ ನೆಗಡಿ ಸುದ್ದಾ ಬಂದಿಲ್ರಿ!"

ಡಾಕ್ಟರ್ ಚೀಟಿ ಬರೆದುಕೊಟ್ಟರು. ಕೆಂಚಪ್ಪ ನರ್ಸಮ್ಮನ ಬೆನ್ನಿಗೆ ಔಷಧಿ ಕಿಟಕಿಗೆ ಓಡಿದ. ಅಲ್ಲಿದ್ದವಳು ರಾಜೇಶ್ವರಿ, ಫಾರ್ಮಸಿ ಟೆಕ್ನಿಷಿಯನ್. ಚೀಟಿಯ ಮೇಲಿನ ಹೆಸರು, ವಯಸ್ಸು ಓದಿದಳು. ಗ್ಲುಕೋಸ್ ಬಾಟಲಿ ತೆಗೆದು ಬೆಳಕಿಗೆ ಹಿಡಿದಳು. ಅದರ ತಾರೀಖು ನೋಡಿ ಪಕ್ಕದ ಫಾರ್ಮಸಿ ಅಧಿಕಾರಿ ಶೋಭಾ ಅವರ ಕೈಗಿಟ್ಟಳು. ಅವರೂ ಅದನ್ನೇ ಮತ್ತೊಮ್ಮೆ ನೋಡಿ ನರ್ಸಮ್ಮನಿಗೆ ಕೊಟ್ಟರು.

"ಏನ್ ತಂಗಿ, ಒಂದ ಬಾಟ್ಲಿ ಕೊಡಾಕ ಇಷ್ಟ ತಪಾಸೇನು? ಕನ್ಯಾ ನೋಡಾಕ ಬಂದವರಂಗ ತಿರಿವಿ ತಿರಿವಿ ನೋಡತೀರಲ್ಲ!"

"ಕನ್ಯಾ ನೋಡೂದ್ರಾಗ ತಪ್ಪಾದ್ರ ಹೆಂಗರೆ ಸಂಸಾರ ನಡಿತೈತ್ರಿ ಕಾಕಾ. ಇದ್ರಾಗ ತಪ್ಪಾದ್ರ ಜೀವ ಹೋಗತೈತಿ," ಎಂದಳು ರಾಜೇಶ್ವರಿ. "ಒಬ್ಬರ ಕಣ್ಣ ತಪ್ಪಿದ್ದು ಇನ್ನೊಬ್ಬರ ಕಣ್ಣಿಗೆ ಬೀಳಲಿ ಅಂತ ಇಬ್ಬರು ನೋಡತೇವಿ. ಇರ್ಲಿ, ಶಿವವ್ವಾರು ಮನ್ಯಾಗ ತಗೋಳೂ ಗುಳಿಗಿ ತಂದೀರೇನು? ದವಾಖಾನಿಗೆ ಬಂದವರು ಮೊದಲಿಂದ ಏನೇನ್ ನುಂಗತಾರ ಅಂತ ಕೇಳಿ ಡಾಕ್ಟರಿಗೆ ತಿಳಸೂದೂ ನಮ್ಮ ಕೆಲಸಾನ ಐತಿ."

ಕೆಂಚಪ್ಪ ಸೊಂಟದಿಂದ ಚಂಚಿ ತೆಗೆದ. ಎಲೆಗೊಂದು ಖಾನೆ, ಅಡಿಕೆಗೊಂದು, ತಂಬಾಕಿಗೊಂದು. ಒಳಗಿನ ಖಾನೆ ಜಾಡಿಸಿದರೆ ಅಡಿಕೆ ಚೂರು, ಸುಣ್ಣದ ಪುಡಿಯ ಜೊತೆಗೆ ಬಿಳಿ ಗುಳಿಗೆಗಳು ಉದುರಿದವು.

"ಇವುಗಳ ಪಾಕೀಟ ಎಲ್ಲೈತ್ರಿ?"

"ಪಾಕೀಟ ಚಂಚ್ಯಾಗ ಹಿಡಿಯಂಗಿಲ್ಲವ್ವ. ಹಿಂಗ ಬಿಡಿಸಿ ಇಟ್ರ ಹಗರ. ನನ್ನ ಕಣ್ಣ ಅಂದ್ರ ಏನಂತ ತಿಳಿದಿ? ಇಲ್ಲಿ ನಿಂತು ಗುಡ್ಡದ ಮ್ಯಾಲಿನ ಇರುವಿ ಗಂಡೋ ಹೆಣ್ಣೋ ಹೇಳತೇನಿ."

ರಾಜೇಶ್ವರಿ ಗುಳಿಗೆಗಳನ್ನು ತಟ್ಟೆಗೆ ಹಾಕಿ ಸುಣ್ಣ ಒರೆಸಿದಳು. ದೀಪದ ಕೆಳಗೆ ಹಿಡಿದು ಎರಡು ಗುಂಪು ಮಾಡಿದಳು. ಅವಳ ಮುಖ ಗಂಭೀರವಾಯಿತು.

"ಕಾಕಾ, ಇದ್ರಾಗ ಎರಡು ಥರದ ಗುಳಿಗಿ ಅದಾವ. ಇದರ ನಡುವ ಗೆರಿ ಐತಿ, ಇದಕ್ಕಿಲ್ಲ."

"ಅಣ್ಣ-ತಮ್ಮ ಇರಬೇಕು, ತಗೋ."

ಶೋಭಾ ಎದ್ದು ಬಂದು ನೋಡಿದರು. "ಬಿಡಿ ಗುಳಿಗಿ ನೋಡಿ ಇದು ಇಂಥಾದ್ದ ಅಂತ ಖಾತ್ರಿಲೇ ಹೇಳಾಕ ನಮಗೂ ಆಗಂಗಿಲ್ರಿ. ಹೆಸರು, ತಾರೀಖು ಎಲ್ಲಾ ಪಾಕೀಟಿನ ಮ್ಯಾಲ ಇರತಾವ, ಅದನ್ನ ನೀವು ಒಗದೀರಿ. ಇನ್ನೊಂದು ಗುಳಿಗಿ ಯಾರದು?"

"ಅದು... ದಾರ್ಯಾಗ ಸಿಕ್ಕಿತ್ರಿ."

"ದಾರ್ಯಾಗ?" ಹಿಂದೆ ಬಂದು ನಿಂತಿದ್ದ ಕಮಲವ್ವ ಕೇಳಿದಳು. "ಕೆಂಚಪ್ಪಣ್ಣ, ದಾರ್ಯಾಗ ಸಿಕ್ಕ ಗುಳಿಗಿ ತಂಬಾಕಿನ ಬಾಜೂ ಇಟ್ಕೊಂಡು ಅಡ್ಡಾಡ್ತಿಯೇನು?"

ರಾಜೇಶ್ವರಿ ಬಾಗಿಲು ತೆರೆದು ಹೊರಗೆ ಬಂದಳು. "ಅವ್ವಾರ, ನೀವು ಶಿವವ್ವಾರ ಕಡೆ ಕುಂದರ್ರಿ," ಎಂದು ಕಮಲವ್ವನನ್ನು ಕಳಿಸಿದಳು. ಆಮೇಲೆ ದನಿ ತಗ್ಗಿಸಿದಳು. "ಕಾಕಾ, ಇಲ್ಲಿ ಹೇಳಿದ್ದು ಡಾಕ್ಟರ್ ಬಿಟ್ರ ಊರಿಗೆ ಹೋಗಂಗಿಲ್ಲ. ನಾ ನಿಮ್ಮನ್ನ ಬೈಯಾಕ ನಿಂತಿಲ್ಲ. ಈ ಗುಳಿಗಿ ಯಾವುದು ಅಂತ ಗೊತ್ತಾದ್ರ ಕಾಕೂನ ಉಳಿಸಿಕೊಳ್ಳಾಕ ದಾರಿ ಸಿಗತೈತಿ. ಖರೆ ಹೇಳ್ರಿ."

ಕೆಂಚಪ್ಪ ಬಾಯಿ ತೆರೆದ. ಇನ್ನೊಂದು ಸುಳ್ಳು ನಾಲಗೆಯ ತುದಿಯಲ್ಲಿ ತಯಾರಾಗಿತ್ತು. ಅಷ್ಟರಲ್ಲಿ ಒಳಗಿನಿಂದ ನರ್ಸಮ್ಮನ ದನಿ ಕೇಳಿಸಿತು: "ಶಿವವ್ವಾ, ಕಣ್ಣ ತೆಗೀರಿ. ಶಿವವ್ವಾ!"

ಉತ್ತರ ಬರಲಿಲ್ಲ.

ಕೆಂಚಪ್ಪ ಆ ಸುಳ್ಳನ್ನು ನುಂಗಿಕೊಂಡ. "ಸಕ್ಕರಿ ಬ್ಯಾನಿ ಗುಳಿಗಿ ತಂಗಿ ಅದು. ನಂದು. ಬೀಗರ ಊರಿಗೆ ಹೊಂಟೇನಿ ಅಂತ ಹೇಳಿ ಹುಕ್ಕೇರಿ ಡಾಕ್ಟರ್ ಕಡೆ ಹೋಗಿ ತರತಿದ್ದೆ. ಯಾರರೆ ಹೆಸರ ಓದ್ಯಾರು ಅಂತ ಪಾಕೀಟ ಅಲ್ಲೇ ಒಗೀತಿದ್ದೆ. ಆಕಿ ಗುಳಿಗೀನೂ ಬಿಡಿಸಿ ಅದ ಚಂಚ್ಯಾಗ ಹಾಕತಿದ್ದೆ. ಕಣ್ಣ ಮಂಜ ಆಗ್ಯಾವವ್ವ. ಆಕಿಗೆ ಯಾವದ ಕೊಟ್ಟೆನೋ, ನಾ ಯಾವದ ನುಂಗಿದೆನೋ..."

ರಾಜೇಶ್ವರಿ ಅಲ್ಲಿಂದಲೇ ಶೋಭಾ ಅವರಿಗೆ ಕೂಗಿ ಹೇಳಿದಳು. ಶೋಭಾ ಡಾಕ್ಟರಿಗೆ ತಿಳಿಸಿದರು. ಹುಕ್ಕೇರಿಯ ಡಾಕ್ಟರಿಗೆ ಫೋನು ಹೋಯಿತು, ಗುಳಿಗೆಯ ಹೆಸರು ಸಿಕ್ಕಿತು.

"ಇದರ ಪ್ರಭಾವ ಭಾಳ ಹೊತ್ತ ಇರತೈತಿ," ಎಂದರು ಡಾಕ್ಟರ್ ತೇಜಸ. "ಅದಕ್ಕ ಏರಿಸಿದ್ದು ಮತ್ತ ಇಳ್ಯಾಕತ್ತಿತ್ತು. ಗೊತ್ತಾತು, ಇನ್ನ ನಾವು ನೋಡ್ಕೋತೇವಿ." ಅದಕ್ಕೆ ತಕ್ಕ ಚಿಕಿತ್ಸೆ ಶುರುವಾಯಿತು. ಮತ್ತೆ ಮತ್ತೆ ರಕ್ತ ಪರೀಕ್ಷೆ ಮಾಡುತ್ತ, ಮಂಚದ ಬಳಿಯಿಂದ ಯಾರೂ ಕದಲದೆ ಕಾಯ್ದರು.

ಮರುದಿನ ಶಿವವ್ವ ಎದ್ದು ಕೂತು ಗಂಜಿ ಕುಡಿದಳು. ಮನೆಗೆ ಹೊರಡುವ ದಿನ ರಾಜೇಶ್ವರಿ ಆ ಬಿಡಿ ಗುಳಿಗೆಗಳನ್ನು ವಾಪಸು ಕೊಡಲಿಲ್ಲ. ಗಂಡನಿಗೊಂದು, ಹೆಂಡತಿಗೊಂದು ಬೇರೆ ಬೇರೆ ಚೀಲ ಮಾಡಿ, ಪಾಕೀಟು ಒಡೆಯದೆ ಹಾಕಿದಳು. ಮೇಲೆ ದೊಡ್ಡ ಅಕ್ಷರದಲ್ಲಿ ಹೆಸರು ಬರೆದು, ಬೆಳಿಗ್ಗೆಯದಕ್ಕೆ ಸೂರ್ಯ, ರಾತ್ರಿಯದಕ್ಕೆ ಚಂದ್ರನ ಗುರುತು ಹಾಕಿ, "ಈಗ ನೀವು ನನಗ ತಿಳಿಸಿ ಹೇಳ್ರಿ," ಎಂದು, ಯಾವುದು ಯಾರಿಗೆ, ಯಾವ ಹೊತ್ತಿಗೆ ಎಂಬುದನ್ನು ಕೆಂಚಪ್ಪನ ಬಾಯಿಂದಲೇ ಹೇಳಿಸಿದಳು.

"ಎರಡು ಚೀಲ ಯಾಕ್ರಿ?" ಎಂದಳು ಅಷ್ಟರಲ್ಲಿ ಕಮಲವ್ವನ ಜೊತೆ ಹೊರಗೆ ಬಂದ ಶಿವವ್ವ. "ನಿಮಗೇನಾಗೈತಿ?"

ಕಮಲವ್ವನೂ ಕಿವಿ ನಿಮಿರಿಸಿದಳು. ಕೆಂಚಪ್ಪ ತಲೆ ತಗ್ಗಿಸಿದ.

"ನನಗ ಸಕ್ಕರಿ ಬ್ಯಾನಿ ಐತಿ ಶಿವವ್ವಾ. ಭಾಳ ದಿನದಿಂದ ಐತಿ. ಊರ ಮುಂದ ಗಟ್ಟಿ ಅನಿಸ್ಕೊಳ್ಳಾಕ ಹೋಗಿ ನಿನ್ನ ಜೀವಾ ತೆಗೀತಿದ್ದೆ. ನಾ ಹೇಳಿದ್ದೆಲ್ಲಾ ಸುಳ್ಳ."

ಶಿವವ್ವ ಎರಡೂ ಚೀಲಗಳನ್ನು ತನ್ನ ಕೈಗೆ ತೆಗೆದುಕೊಂಡಳು. "ಬ್ಯಾನಿ ಐತಿ ಅಂದಿದ್ರ ನಾ ಏನ್ ನಿಮ್ಮನ್ನ ಬಿಟ್ಟು ಹೊಕ್ಕಿದ್ನೇನ್ರಿ?" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅವ್ವಂದಿರೇ, ಅಣ್ಣಂದಿರೇ, ನಿಮ್ಮ ಮನೆಯ ಗುಳಿಗೆಗಳನ್ನು ಇವತ್ತೇ ಒಮ್ಮೆ ತೆಗೆದು ನೋಡಿ. ಪಾಕೀಟು ಒಡೆದು ಚಂಚಿಗೋ ಡಬ್ಬಿಗೋ ಸುರಿಯಬೇಡಿ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರಿಗೆ ಕೊಡಬೇಡಿ. ದವಾಖಾನೆಗೆ ಹೋಗುವಾಗ ಎಲ್ಲವನ್ನೂ, ನಾಟಿ ಔಷಧಿಯನ್ನೂ ಸೇರಿಸಿ, ಜೊತೆಗೆ ಒಯ್ಯಿರಿ. ತಿಳಿಯದಿದ್ದರೆ ಔಷಧಿ ಕಿಟಕಿಯಲ್ಲಿ ಎರಡು ಸಲ ಕೇಳಿ, ಹೇಳಿಕೊಡುವುದು ಅವರ ಕೆಲಸ. ಅವರು ನಿಮ್ಮನ್ನು ಕೇಳಿದಾಗ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಒಳಗೆ ಮಲಗಿದವರ ಜೀವ ನಿಮ್ಮ ಆ ಒಂದು ಮಾತಿಗಾಗಿ ಕಾಯುತ್ತಿರಬಹುದು.