ಬೇಡದ ಬಂಡೆಗಳು

ಮಸ್ಕಿಯ ಗುಡ್ಡವನ್ನು ನಾಲ್ಕು ದಿನ ಸುತ್ತಿ ತಮನ್ನಾಳ ಚಪ್ಪಲಿ ಸವೆದಿತ್ತು, ಹಟ ಸವೆದಿರಲಿಲ್ಲ. ಭೂವಿಜ್ಞಾನದ ಎಂ.ಎಸ್ಸಿ. ಪ್ರಾಜೆಕ್ಟಿನಲ್ಲಿ ಅವಳು ಒಂದು ಮಾತು ಬರೆದು ಕೂತಿದ್ದಳು: ಇಲ್ಲಿನ ಕರಿಕಲ್ಲು ಮೊದಲು ಹುಟ್ಟಿದ್ದು, ಗುಲಾಬಿ ಗ್ರಾನೈಟ್ ಆಮೇಲೆ ನೆಲದಡಿಯಿಂದ ಕುದಿಯುತ್ತ ನುಗ್ಗಿದ್ದು. ಅದೂ ಇಂದು ನಿನ್ನೆಯದಲ್ಲ, ಸುಮಾರು ಇನ್ನೂರೈವತ್ತು ಕೋಟಿ ವರ್ಷದ ಹಿಂದೆ!

“ಕಣ್ಣಿಗೆ ತೋರ್ಸಬೇಕು. ಇಲ್ಲಾಂದ್ರ ಆ ಅಧ್ಯಾಯ ಕಿತ್ತು ಹಾಕು” ಎಂದಿದ್ದರು ಪ್ರೊಫೆಸರ್ ಅಮರಗುಂಡಪ್ಪ. ಸೋಮವಾರ ಅವರೇ ನೋಡಲು ಬರುವವರಿದ್ದರು. ಆ ಅಧ್ಯಾಯ ಹೋದರೆ ಪ್ರಾಜೆಕ್ಟಿನಲ್ಲಿ ಉಳಿಯುವುದು ರಟ್ಟು ಮಾತ್ರ.

ಭಾನುವಾರ ಮಧ್ಯಾಹ್ನ ರೊಟ್ಟಿ ಮುರಿಯುತ್ತ ಅವಳು ಅಪ್ಪನ ಮುಂದೆ ಸಂಕಟ ತೋಡಿಕೊಂಡಳು. ಅಪ್ಪ ರಹಮಾನಸಾಬ ಮೂವತ್ತು ವರ್ಷದಿಂದ ಅದೇ ಗುಡ್ಡದಲ್ಲಿ ಕಂಬ, ಚಪ್ಪಡಿ ಸೀಳುವವನು.

“ಗ್ರಾನೈಟಿನ ಹೊಟ್ಟ್ಯಾಗ ಕರಿಕಲ್ಲಿನ ಚೂರು ಸಿಕ್ಕೊಂಡಿರ್ಬೇಕು ಅಬ್ಬಾ. ಎಲ್ಲೂ ಸಿಗವಲ್ದು.”

“ಅಂಥಾವು ಕೆಟ್ಟ ಕಲ್ಲು ಬೇಟಾ. ಉಳಿ ಇಟ್ರ ಅಡ್ಡ ಸೀಳ್ತಾವು. ಯಾರೂ ಮುಟ್ಟಬಾರ್ದಂತ ಸುಣ್ಣದ ಗೀಟು ಹಾಕೀವಲ್ಲ, ನೋಡಿಲ್ಲೇನು?”

ತಮನ್ನಾಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ನೋಡದೆ ಏನು! ನಾಲ್ಕು ದಿನವೂ ನೋಡಿದ್ದಳು. ಸರ್ವೆಯವರ ಗುರುತೆಂದುಕೊಂಡು ದಾಟಿ ಹೋಗಿದ್ದಳು. ಕಲ್ಲು ಒಡೆಯುವವನ ಮನೆಯಲ್ಲಿ ಹುಟ್ಟಿ ಇಷ್ಟೂ ತಿಳಿಯದೆ ಹೋಯಿತಲ್ಲ ಎಂದು ನಾಚಿಕೆಯಾಯಿತು. ಕೈ ತೊಳೆದವಳೇ ಸುತ್ತಿಗೆ ಹಿಡಿದು ಗುಡ್ಡಕ್ಕೆ ಹೊರಟಳು.

ಮರುದಿನ ಪ್ರೊಫೆಸರ್ ಗೀಟು ಹಾಕಿದ ಬಂಡೆಯೊಂದರ ಮುಂದೆ ಕುಕ್ಕರಗಾಲಲ್ಲಿ ಕೂತರು. ಗುಲಾಬಿ ಕಲ್ಲಿನ ನಡುವೆ ಅಂಗೈಯಗಲದ ಕರಿ ಚೂರು. ಮುರಿದ ಅಂಚು ಇನ್ನೂ ಚೂಪಾಗಿತ್ತು. ಅವರು ಬಹಳ ಹೊತ್ತು ಸವರಿ ನೋಡಿದರು.

“ಛಲೋ ಐತಿ. ಆದ್ರ ಒಂದು ಕಲ್ಲು ನಂಬಿ ನಾ ಸಹಿ ಮಾಡಂಗಿಲ್ಲ ತಂಗಿ.”

ತಮನ್ನಾ ಬಾಯಿ ತೆರೆಯುವ ಮೊದಲೇ ಜೊತೆಗೆ ಬಂದಿದ್ದ ರಹಮಾನಸಾಬ ಟವೆಲ್ ಹೆಗಲಿಗೇರಿಸಿ ಮುಂದೆ ಬಂದ.

“ಚಿಕ್ಕಿ ತಿಂದೀರಲ್ರಿ ಸರ್? ಶೇಂಗಾ ಮೊದಲ, ಬೆಲ್ಲದ ಪಾಕ ಆಮ್ಯಾಲ. ನನ್ನ ಮಗಳು ಹೇಳೋದು ಅಷ್ಟ. ನಾವು ಬ್ಯಾಡಂತ ಬಿಟ್ಟಿದ್ದು ಇಂಥಾವು ಇನ್ನೂ ಇಪ್ಪತ್ಮೂರು ಅದಾವ. ನಡೀರಿ.”

ಏಳನೆಯ ಬಂಡೆಗೇ ಪ್ರೊಫೆಸರ್ ಬೆವರು ಒರೆಸಿಕೊಂಡು, “ಸಾಕು, ಅಧ್ಯಾಯ ಇರ್ಲಿ” ಎಂದರು. ಅವರೂ ತಮನ್ನಾಳೂ ಅಲ್ಲೇ ಕಲ್ಲಿನ ಮೇಲೆ ಕೂತರು. ರಹಮಾನಸಾಬ ಮಾತ್ರ ನಿಲ್ಲಲಿಲ್ಲ. ಇಬ್ಬರನ್ನೂ ಎಬ್ಬಿಸಿಕೊಂಡು ಹೋಗಿ ಇಪ್ಪತ್ತಮೂರನ್ನೂ ತೋರಿಸಿಯೇ ಬಿಟ್ಟ.