ಹುಳು ಮನೆಯ ಬೆಳಕು

ಮಗಳು ಪವಿತ್ರ ಕಳಿಸಿದ್ದ ಮಾದರಿ ಪಾಠದ ಮೊದಲ ವಿಡಿಯೊ ವಾಪಸು ಬಂದಿತ್ತು. ಮುಖ ಸರಿಯಾಗಿ ಕಾಣುತ್ತಿಲ್ಲ, ಬೆಳಕು ಸಾಲದು, ಶುಕ್ರವಾರ ಸಂಜೆಯೊಳಗೆ ಇನ್ನೊಂದೇ ಸಲ ಕಳಿಸಬಹುದು ಎಂದು ಕಂಪನಿಯವರು ಬರೆದಿದ್ದರು. ಮನೆಯಿಂದಲೇ ಮೊಬೈಲಿನಲ್ಲಿ ಮಕ್ಕಳಿಗೆ ಗಣಿತ ಹೇಳಿಕೊಡುವ ಕೆಲಸ ಅದು. ಮಕ್ಕಳು ಕಮ್ಮಿಯಾದರೆಂದು ಶಿಡ್ಲಘಟ್ಟದ ಶಾಲೆಯೊಂದು ಅವಳನ್ನು ಕೆಲಸದಿಂದ ಬಿಡಿಸಿ ಎಂಟು ತಿಂಗಳಾಗಿತ್ತು. ಆಮೇಲೆ ಪಾಠ ಮಾಡಲು ಅವಳನ್ನು ಕೇಳಿದವರು ಇವರೊಬ್ಬರೇ.

ನಮ್ಮ ಮನೆಯ ಗೋಡೆಗಳೆಲ್ಲ ಹೊಗೆ ಹಿಡಿದವು. ಬಿಳಿ ಸುಣ್ಣದ ಗೋಡೆ ಇದ್ದದ್ದು ರೇಷ್ಮೆ ಹುಳು ಸಾಕುವ ಕೋಣೆಯಲ್ಲಿ ಮಾತ್ರ. ಶುಕ್ರವಾರ ಬೆಳಿಗ್ಗೆ ತಾನೇ ಮೇವು ಬಿಟ್ಟು ಹಣ್ಣಾದ ಹುಳುಗಳನ್ನು ಆರಿಸಿ, ಗೂಡು ಕಟ್ಟಲೆಂದು ಚಂದ್ರಿಕೆಗಳಿಗೆ, ಆ ಅಗಲವಾದ ಬಿದಿರಿನ ತಟ್ಟೆಗಳಿಗೆ, ಬಿಟ್ಟಿದ್ದೆ. ಆ ಹೊತ್ತಿನಲ್ಲಿ ಹುಳುವಿನ ಮೇಲೆ ಒಂದೇ ಕಡೆಯಿಂದ ಜೋರು ಬೆಳಕು ಬೀಳಬಾರದು. ಇಪ್ಪತ್ತೆರಡು ವರ್ಷ ಹುಳು ಸಾಕಿದವಳು ನಾನು. ಇದನ್ನು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

“ಅಲ್ಲಿ ಅರ್ಧ ಗಂಟೆ ಸಾಕಮ್ಮ,” ಅಂದಳು ಪವಿತ್ರ. ಆಗಲಿ ಅಂದೆ.

ನಡುಮನೆಯ ಎಲ್‌ಇಡಿ ಬಲ್ಬು ಬಿಚ್ಚಿ ತಂದೆವು, ಇನ್ನೊಂದನ್ನು ಅಂಗಡಿಯಿಂದ ತಂದಳು. ನೇರವಾಗಿ ಇಟ್ಟರೆ ಅವಳ ಕನ್ನಡಕದಲ್ಲಿ ಎರಡು ಬಿಳಿ ಚುಕ್ಕೆ. ಖಾಲಿ ಚಂದ್ರಿಕೆಯೊಂದಕ್ಕೆ ಅವಳಪ್ಪನ ಹಳೆಯ ಪಂಚೆ ಬಿಗಿದು ನಿಲ್ಲಿಸಿ, ಬಲ್ಬುಗಳನ್ನು ಅದರ ಕಡೆ ತಿರುಗಿಸಿದೆವು. ಪಂಚೆಗೆ ಬಡಿದು ಬಂದ ಬೆಳಕು ಮುಖದ ಮೇಲೆ ಮೆತ್ತಗೆ ಬಿತ್ತು. ಇನ್ನೊಂದು ಕೆನ್ನೆಯ ನೆರಳು ಹೋಗಲೆಂದು ಥರ್ಮೋಕೋಲ್ ಹಲಗೆ ಹಿಡಿದು ನಾನು ನಿಂತೆ.

ಅತ್ತೆ ಕೊಂಡಮ್ಮ ಬಾಗಿಲಲ್ಲಿ ಇಣುಕಿದರು. ಅವರ ಕಣ್ಣು ಮಂಜು. “ಏನ್ರಮ್ಮಾ ಇಷ್ಟೊಂದು ಬೆಳಕು, ಹೆಣ್ಣು ನೋಡಕ್ಕೆ ಯಾರಾದ್ರೂ ಬರ್ತಾವ್ರಾ?” ಅಂದು ಹೋದರು.

ಪಾಠ ಭಿನ್ನರಾಶಿಯದು. ಮೊದಲ ಸಲ ತಡವರಿಸಿದಳು. ಎರಡನೆಯ ಸಲ ಕರೆಂಟು ಹೋಯಿತು. ಮೂರನೆಯ ಸಲ ಮಧ್ಯದಲ್ಲಿ ನಮ್ಮೂರಿನ ತೆಲುಗು ಮಾತು ನುಸುಳಿತು. ಅರ್ಧ ಗಂಟೆ ಮೂರು ಗಂಟೆಯಾಯಿತು. ಕೊನೆಗೆ ರೊಟ್ಟಿಯೊಂದನ್ನು ಮುರಿಯುತ್ತಾ, ಎದುರಿಗೆ ಮಕ್ಕಳು ಕೂತಿದ್ದಾರೇನೋ ಎನ್ನುವಂತೆ ಹೇಳತೊಡಗಿದಳು. ಎಂಟು ತಿಂಗಳಿಂದ ಆ ಮುಖ ನಾನು ನೋಡಿರಲಿಲ್ಲ. ಅವಳ ಪಕ್ಕದ ಚಂದ್ರಿಕೆಗಳಲ್ಲಿ ಹುಳುಗಳು ಕತ್ತಲ ಅಂಚಿಗೆ ಸರಿದು ಒಂದರ ಮೇಲೊಂದು ಬೀಳುತ್ತಿದ್ದವು. ನಾನು ಹಲಗೆ ಇಳಿಸಲಿಲ್ಲ.

ಮುಗಿದ ಮೇಲೆ ಕೇಳಿದಳು. “ಅಮ್ಮ, ಹುಳಕ್ಕೇನೂ ಆಗಿಲ್ವಾ?”

“ಏನಿಲ್ಲ. ನೀನು ಮೊದ್ಲು ಕಳಿಸು.”

ಐದನೆಯ ದಿನ ಗೂಡು ಬಿಡಿಸಲು ಕೂತೆವು. ಅತ್ತೆ ಒಂದನ್ನು ಬೆರಳಲ್ಲಿ ಹೊರಳಿಸಿದರು, ಇನ್ನೊಂದನ್ನೂ ಹೊರಳಿಸಿದರು.

“ಎರಡೆರಡು ಹುಳ ಸೇರಿ ಒಂದೇ ಗೂಡು ಕಟ್ಟವೆ. ಅವತ್ತು ಆ ಲೈಟ್ ಹಾಕಕ್ಕೆ ಯಾರಮ್ಮ ಒಪ್ಪಿದ್ದು?”

ನಾನೇ ಅಂದೆ. ಜೋಡಿ ಗೂಡಿನ ಎಳೆ ಸಿಕ್ಕಾಗಿ ಒಳ್ಳೆ ನೂಲು ಬರುವುದಿಲ್ಲ, ಮಾರುಕಟ್ಟೆಯಲ್ಲಿ ಅದಕ್ಕೆ ಅರ್ಧ ಬೆಲೆಯೂ ಸಿಗುವುದಿಲ್ಲ. ಕಾಲು ಪಾಲಿಗೂ ಹೆಚ್ಚು ಅಂಥವೇ ಇದ್ದವು. ಅತ್ತೆ ಇನ್ನೊಂದು ಬುಟ್ಟಿಯನ್ನು ಹತ್ತಿರ ಎಳೆದುಕೊಂಡರು.

ಅಷ್ಟರಲ್ಲಿ ಪವಿತ್ರ ಮೊಬೈಲ್ ಹಿಡಿದು ಬಂದಳು. ವಿಡಿಯೊ ಸ್ಪಷ್ಟವಾಗಿದೆ, ಪಾಠವೂ ಚೆನ್ನಾಗಿದೆ, ಆದರೆ ಮಾತಿನಲ್ಲಿ ಊರಿನ ಧಾಟಿ ಇದೆ, ನಮ್ಮ ಮಕ್ಕಳ ತಂದೆ ತಾಯಂದಿರು ಒಪ್ಪುವುದಿಲ್ಲ ಎಂದು ಬರೆದಿದ್ದರು.

“ಬೆಳಕು ಚೆನ್ನಾಗಿತ್ತಂತಮ್ಮ,” ಅಂದಳು.

ಮೊಬೈಲನ್ನು ಕಿಟಕಿಯಲ್ಲಿಟ್ಟು, ಸೆರಗು ಸಿಕ್ಕಿಸಿ ನನ್ನ ಪಕ್ಕ ಕೂತಳು. ಬಿ.ಎಡ್. ಓದಿದ ಮೇಲೆ ಅವಳು ಗೂಡು ಮುಟ್ಟಿದವಳಲ್ಲ. ಜೋಡಿ ಗೂಡುಗಳನ್ನು ಬೇರೆ ಬುಟ್ಟಿಗೆ ಹಾಕತೊಡಗಿದಳು, ತಲೆ ಎತ್ತದೆ, ನನಗಿಂತ ಬೇಗ ಬೇಗ. ಆ ಕೈ ಈ ಕೆಲಸಕ್ಕೆ ಅಷ್ಟು ಸುಲಭವಾಗಿ ಹೊಂದಿಕೊಂಡದ್ದನ್ನು ನೋಡಿ ನನಗೆ ಭಯವಾಯಿತು.