ಖಾಲಿ ದಂಡಿಗೆ

ನಮ್ಮ ಅಂಗಡಿಯ ಹೆಸರು ‘ಚಿಗುರು ವೆಬ್’. ಅಂಗಡಿ ಎಂದರೆ ಶ್ರೀಲಕ್ಷ್ಮಿಗೆ ಸಿಟ್ಟು ಬರುತ್ತಿತ್ತು, ‘ಕಂಪನಿ ಅನ್ನೇ’ ಎಂದು ತಿದ್ದುತ್ತಿದ್ದಳು. ಶಿರಸಿಯ ದೇವಿಕೆರೆ ಹತ್ತಿರ ಔಷಧಿ ಅಂಗಡಿಯೊಂದರ ಮೇಲಿನ ಕೋಣೆ, ಎರಡು ಕಂಪ್ಯೂಟರು, ಮನಸ್ಸು ಬಂದಾಗ ಮಾತ್ರ ಓಡುವ ಇಂಟರ್ನೆಟ್ಟು. ಇದು ಕಂಪನಿಯಾದರೆ ಬಿಳಗಿಯ ಬಸ್‌ಸ್ಟಾಪು ವಿಮಾನ ನಿಲ್ದಾಣ.

ಕಾಲೇಜಿನಲ್ಲಿ ನಾವಿಬ್ಬರೂ ಒಂದೇ ಬೆಂಚಿನವರು. ಅವಳು ಕಾನಸೂರು ಕಡೆಯ ಹೆಗಡೆಯವರ ಮಗಳು, ನಾನು ಬಿಳಗಿಯ ದೀವರ ಮನೆಯವಳು. ಗಿರಾಕಿಗಳನ್ನು ಒಪ್ಪಿಸುವುದು ಅವಳ ಕೆಲಸ, ಪುಟ ಕಟ್ಟುವುದು ನನ್ನದು. ಮಧ್ಯಾಹ್ನ ಒಂದೇ ಡಬ್ಬಿಯಲ್ಲಿ ಕೈಹಾಕಿ ಉಣ್ಣುತ್ತಿದ್ದೆವು. ಅವಳನ್ನು ನಾನು ನಂಬಿದ್ದೆ. ಅದನ್ನು ಈಗ ಹೇಳಲು ನಾಚಿಕೆಯಿಲ್ಲ, ಸಿಟ್ಟಿದೆ.

ಎರಡು ಸಾವಿರದ ಏಳರ ಬೇಸಿಗೆಯಲ್ಲಿ ನಮ್ಮೂರ ಹೆಂಗಸರ ಬಳಗ ಒಂದು ವೆಬ್‌ಸೈಟ್ ಬೇಕೆಂದು ಕೇಳಿತು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯಲು ಬರೆಯುತ್ತೇವಲ್ಲ, ಆ ಚಿತ್ತಾರದ ಬುಟ್ಟಿಗಳನ್ನು ಹೊರಗಿನವರೂ ನೋಡಲಿ ಎಂಬ ಆಸೆ. ಶ್ರೀಲಕ್ಷ್ಮಿಯನ್ನು ಕರೆದುಕೊಂಡು ಹೋಗಿ ನಮ್ಮ ಜಗಲಿಯಲ್ಲೇ ಮೊದಲ ಸಭೆ ನಡೆಸಿದೆ. ಪುಟದಲ್ಲಿ ಏನೇನಿರಬೇಕು ಎಂದು ಕೇಳಿದ್ದೇ ತಪ್ಪಾಯಿತು. ಪಾರ್ವತವ್ವನಿಗೆ ತನ್ನ ಬುಟ್ಟಿ ಎಲ್ಲಕ್ಕಿಂತ ಮೇಲಿರಬೇಕು. ನಾಗಿಗೆ ಬುಟ್ಟಿಯ ಜೊತೆ ತನ್ನ ಮುಖವೂ ಇರಬೇಕು, ಅದೂ ಹೊಸ ಸೀರೆಯಲ್ಲಿ. ಎಲ್ಲವನ್ನೂ ಹಾಕಿದರೆ ಪುಟವಲ್ಲ, ಸಂತೆಯಾಗುತ್ತದೆ ಎಂದು ನಾನು ರೇಗಿದೆ. ಶ್ರೀಲಕ್ಷ್ಮಿ ಮಾತ್ರ ನಗುನಗುತ್ತ ಎಲ್ಲರಿಗೂ ‘ಹಾಕುವ, ಹಾಕುವ’ ಎಂದಳು. ಅವಳಿಗೆ ಆ ಕಲೆ ಸಿದ್ಧಿಸಿತ್ತು.

ಮೊದಲ ಪುಟಕ್ಕೆ ಕಣ್ಣು ಹಿಡಿದು ನಿಲ್ಲಿಸುವಂಥದ್ದು ಏನಾದರೂ ಬೇಕಿತ್ತು. ನನ್ನ ತಾಯಿ ದ್ಯಾವಮ್ಮ ಹಸೆ ಬರೆಯುವುದರಲ್ಲಿ ಊರಿಗೇ ಹೆಸರಾದವಳು. ಮದುವೆ ಮನೆಯ ಗೋಡೆಗೆ ಕೆಮ್ಮಣ್ಣು ಸಾರಿಸಿ, ಅಕ್ಕಿ ಹಿಟ್ಟಿನ ಬಿಳುಪಿನಲ್ಲಿ ಪುಂಡಿ ನಾರಿನಿಂದ ಗೆರೆ ಎಳೆದು ಬರೆಯುವ ದೊಡ್ಡ ಚಿತ್ತಾರವೇ ಹಸೆ. ಮದುಮಕ್ಕಳು ಅದರ ಎದುರು ಕೂರುತ್ತಾರೆ. ಮೇಲಿನ ಮೂಲೆಗಳಲ್ಲಿ ಸೂರ್ಯ, ಚಂದ್ರ; ನಡುವೆ ಒಂದು ದಂಡಿಗೆ, ಅಂದರೆ ಪಲ್ಲಕ್ಕಿ, ಅದರೊಳಗೆ ಗಂಡು ಹೆಣ್ಣು.

‘ಪೇಜಿಗೆ ಒಂದು ಹಸೆ ಬರ್ದು ಕೊಡು ಅವ್ವ’ ಎಂದೆ.

‘ಕೂರೋರಿಲ್ದೆ ಹಸೆ ಬರೀತಾರೇನೇ? ಒಂದು ಹಸೆ ಅಂದ್ರೆ ಒಂದು ಜೋಡಿಗೆ. ಅಂಗ್ಡಿ ಬೋರ್ಡಿಗಲ್ಲ’ ಎಂದಳು.

ಆದರೆ ಎರಡು ದಿನ ಬಿಟ್ಟು ಅವಳೇ ಕೆಮ್ಮಣ್ಣು ಕಲಸಿದಳು. ಅವ್ವನ ಕಣ್ಣಿಗೆ ಮಬ್ಬು ಕವಿಯುತ್ತ ಬಂದಿತ್ತು. ಆಸ್ಪತ್ರೆಯವರು ಇದು ಪೊರೆಯಲ್ಲ, ಒಳಗಿನ ನರದ್ದು, ಕತ್ತರಿಸಿ ತೆಗೆಯುವಂಥದ್ದಲ್ಲ ಎಂದು ಹೇಳಿ ಕಳಿಸಿದ್ದರು. ‘ನಿನ್ನ ಮದುವೆ ಯಾವಾಗಾಗ್ತದೋ, ಆವಾಗ ನಂಗೆ ಗೆರೆ ಕಾಣ್ತದೋ ಇಲ್ವೋ. ನಿನ್ನ ಹಸೆನೇ ಈಗ ಬರ್ದಿಡ್ತೆ. ಬೇಕಾದ್ರೆ ಅದ್ರದ್ದು ಫೋಟೋ ತೆಕ್ಕಳಿ’ ಎಂದಳು. ದಂಡಿಗೆಯನ್ನು ಬರೆದು ಒಳಗೆ ಖಾಲಿ ಬಿಟ್ಟಳು. ಗಂಡು ಗೊತ್ತಾದ ಮೇಲೆ ತಡಕಾಡಿಯಾದರೂ ಆ ಎರಡು ಗೊಂಬೆ ತುಂಬಿಸುತ್ತೇನೆ ಎಂದಳು. ನಾನು ನಕ್ಕು ಮಾತು ಹಾರಿಸಿದೆ. ನಿಜ ಹೇಳಬೇಕೆಂದರೆ ಹಿತ್ತಿಲಿಗೆ ಹೋಗಿ ಅತ್ತೆ.

ಫೋಟೋ ತೆಗೆಯಲು ಬಂದ ಶ್ರೀಲಕ್ಷ್ಮಿ ಕ್ಯಾಮೆರಾ ಮರೆತು ಆ ಗೋಡೆಯನ್ನೇ ನೋಡುತ್ತ ನಿಂತಳು. ಅವ್ವ ಅವಳಿಗೆ ಹಲಸಿನ ಹಣ್ಣಿನ ಕಡುಬು ಬಡಿಸಿ, ಇದು ಮಗಳದ್ದು, ಬಳಗದ ಪುಟಕ್ಕೆ ಬಿಟ್ಟು ಬೇರೆಲ್ಲೂ ಹೋಗಬಾರದು ಎಂದಳು. ಶ್ರೀಲಕ್ಷ್ಮಿ ಎಂಜಲು ಕೈ ತೊಳೆದು ಬಂದು ಅವ್ವನ ಕೈಮೇಲೆ ಕೈಯಿಟ್ಟಳು. ‘ಎಲ್ಲೂ ಹೋಗೂದಿಲ್ಲ ಅಮ್ಮ. ದಿವ್ಯಂದು ಅಂದ್ರೆ ನಂದೇ ಅಲ್ವ?’

ಆ ಮಾತಿನ ಅರ್ಥ ಆಗ ನನಗೆ ಬೇರೆಯಾಗಿ ಕೇಳಿಸಿತ್ತು.

ಫೋಟೋ ಹಾಗೇ ಹಾಕಿದರೆ ಪುಟ ತೆರೆಯುವಷ್ಟರಲ್ಲಿ ನೋಡುವವನಿಗೆ ನಿದ್ದೆ ಬರುತ್ತಿತ್ತು. ಹಾಗಾಗಿ ಅವ್ವ ಎಳೆದ ಒಂದೊಂದು ಗೆರೆಯನ್ನೂ ಮೌಸ್ ಹಿಡಿದು ಮತ್ತೆ ಎಳೆದೆ. ಕೈ ನಡುಗಿ ಅವಳು ಡೊಂಕು ಮಾಡಿದ ಕಡೆ ನಾನೂ ಡೊಂಕು ಮಾಡಿದೆ. ಖಾಲಿ ದಂಡಿಗೆಯೊಳಗೆ ಬಳಗದ ಒಂದೊಂದು ಬುಟ್ಟಿಯ ಚಿತ್ರ ಬದಲಾಗುತ್ತ ಬರುವಂತೆ ಜಾಗ ಮಾಡಿದೆ. ಪಾರ್ವತವ್ವನ ಬುಟ್ಟಿಯೂ ಮೆರೆಯಿತು, ನಾಗಿಯದೂ ಮೆರೆಯಿತು, ಜಗಳ ಮುಗಿಯಿತು. ಇಷ್ಟು ಚೆಂದದ ಪುಟವನ್ನು ನಾನು ಅದಕ್ಕೆ ಮೊದಲು ಮಾಡಿರಲಿಲ್ಲ. ಯಾರು ಬೇಕಾದರೂ ಯಾವ ಚಿತ್ರ ಬೇಕಾದರೂ ಕೂರಿಸಬಹುದಾದ ಜಾಗವನ್ನು ನಾನೇ ಅಚ್ಚುಕಟ್ಟಾಗಿ ಮಾಡಿಟ್ಟಿದ್ದೆ ಎಂಬುದು ಹೊಳೆಯಲೇ ಇಲ್ಲ.

ಭೂಮಿ ಹುಣ್ಣಿಮೆಯ ದಿನ ಸೈಟು ತೆರೆಯಬೇಕಿತ್ತು, ತೆರೆಯಲಿಲ್ಲ. ಸರ್ವರಿನವರ ತೊಂದರೆ ಎಂದಳು ಶ್ರೀಲಕ್ಷ್ಮಿ. ಹೊರಗಿನವರೊಡನೆ ಮಾತಾಡುವುದು ಅವಳ ಪಾಲಿನ ಕೆಲಸ, ನಾನು ಕೇಳಲು ಹೋಗಲಿಲ್ಲ. ಅಷ್ಟರಲ್ಲಿ ಅವಳ ಮದುವೆಯೂ ನಿಶ್ಚಯವಾಗಿತ್ತು, ಗಂಡು ಯಲ್ಲಾಪುರದವನು. ಸೀರೆ ಆರಿಸಲು ನನ್ನನ್ನೇ ಕರೆದುಕೊಂಡು ಹೋದಳು. ಬಳಗದ ಹೆಂಗಸರು ನನ್ನನ್ನು ಕಂಡಾಗಲೆಲ್ಲ ‘ಎಂತಾಯ್ತೇ?’ ಎನ್ನುತ್ತಿದ್ದರು. ನಾನು ಸರ್ವರನ್ನು ಬೈಯುತ್ತಿದ್ದೆ.

ಕಾರ್ತಿಕದ ಒಂದು ಭಾನುವಾರ ಊರಿಗೆ ಹೋದೆ. ಅಷ್ಟರಲ್ಲಿ ಕಣ್ಣು ಪೂರ್ತಿ ಕಾಣದಾಗಿದ್ದ ಅವ್ವ ಹಸೆಯ ಗೋಡೆಗೊರಗಿ ಕೂತಿದ್ದಳು.

‘ನಿನ್ನೆ ಆ ತಂಗಿ ಬಂದಿತ್ತು, ಕುಂಕುಮ ಕೊಟ್ಟು ಮದುವೆಗೆ ಕರ್ದು ಹೋತು. ಇಲ್ಲೇ ಕೂತು ಆಸ್ರಿ ಕುಡೀತು. ಕಾಗ್ದ ಅಲ್ಲಿ ನಾಗಂದಿಗೆ ಮೇಲದೆ ನೋಡು.’

ಕೈಗೆತ್ತಿಕೊಂಡೆ. ಕೆಂಪು ಕಾಗದದ ಮೇಲೆ ಉಬ್ಬು ಅಚ್ಚಿನ ಬಿಳಿ ಗೆರೆ. ನನ್ನ ಹಸೆ. ಡೊಂಕು ಕೂಡ ಹಾಗೇ ಇತ್ತು. ದಂಡಿಗೆಯೊಳಗೆ ಎರಡು ಗೊಂಬೆ, ಕೆಳಗೆ ಶ್ರೀಲಕ್ಷ್ಮಿಯ ಹೆಸರು, ಗಂಡಿನ ಹೆಸರು, ಅದರ ಕೆಳಗೆ ಒಂದು ವೆಬ್‌ಸೈಟ್ ವಿಳಾಸ. ಈ ಗೋಡೆಯ ಎದುರೇ ಕೂತು, ಕಣ್ಣು ಕಾಣದವಳ ಕೈಗೆ ಇದನ್ನು ಹೇಗೆ ಕೊಟ್ಟಳು?

‘ಎಂತ ಬರ್ದದೆ?’ ಎಂದಳು ಅವ್ವ.

‘ಮುಹೂರ್ತ’ ಎಂದೆ.

ಮರುದಿನ ಶಿರಸಿಗೆ ಬಂದವಳೇ ಮೊದಲು ಆ ವಿಳಾಸ ಹೊಡೆದೆ. ನನ್ನ ಪುಟವೇ ತೆರೆಯಿತು. ಬುಟ್ಟಿಗಳು ಬದಲಾಗಬೇಕಾದ ಜಾಗದಲ್ಲಿ ಅವಳ ನಿಶ್ಚಿತಾರ್ಥದ ಫೋಟೋಗಳು ಬದಲಾಗುತ್ತಿದ್ದವು. ಸರ್ವರಿಗೆ ಯಾವ ತೊಂದರೆಯೂ ಇರಲಿಲ್ಲ.

ಶ್ರೀಲಕ್ಷ್ಮಿ ಬಂದಾಗ ನಾನು ಪರದೆಯನ್ನು ಅವಳ ಕಡೆ ತಿರುಗಿಸಿದೆ.

‘ನೋಡಿದ್ಯ? ನಿಂಗೆ ನಾನೇ ತೋರ್ಸುವ ಅಂತಿದ್ದೆ’ ಎಂದಳು. ಮುಖದಲ್ಲಿ ನಗು ಅರ್ಧಕ್ಕೆ ನಿಂತಿತ್ತು.

‘ಬಳಗದ್ದು ಎಲ್ಲಿ?’

‘ಮದುವೆ ಮುಗೀಲಿ, ಬಿಡುವ. ಮೊದ್ಲೇ ಅದು ಬಂದಿದ್ರೆ ನಂದು ನೋಡಿ ಎಲ್ರೂ ಬುಟ್ಟಿ ಸೈಟಿನ ಕಾಪಿ ಅಂತಿದ್ರು.’

‘ಈಗ ಅವ್ರದ್ದನ್ನ ನಿಂದರ ಕಾಪಿ ಅಂತಾರಲ್ಲ!’

‘ಎಂತಕ್ಕೆ ಇಷ್ಟು ದೊಡ್ಡದು ಮಾಡ್ತೆ ಮಾರಾಯ್ತಿ? ಮಾಡಿದ ಪೇಜನ್ನೇ ಬಣ್ಣ ಬದಲಾಯ್ಸಿ ಇನ್ನೊಬ್ರಿಗೆ ಕೊಡೂದು ಎಲ್ರೂ ಮಾಡೂದೇ. ಸಿಮೆಂಟ್ ಅಂಗಡಿ ಪೇಜನ್ನ ಹಲ್ಲಿನ ಡಾಕ್ಟ್ರಿಗೆ ನಾವೇ ಕೊಡ್ಲಿಲ್ವ? ಆವಾಗ ನೀನೂ ನಕ್ಕಿದ್ದೆ.’

‘ಅದು ಸಿಮೆಂಟು. ಇದು ನನ್ನ ಹಸೆ. ಅವ್ವನ ಕೈ ಮುಟ್ಟಿ ಹೇಳಿದ್ಯಲ್ಲೇ.’

‘ನಿಮ್ಮನೆ ಗೋಡೆದು ಗೋಡೆ ಮೇಲೇ ಉಂಟಲ್ಲ? ನಾನು ಕಿತ್ಕಂಡು ಬಂದ್ನ? ಇಷ್ಟ ಆತು, ಹಾಕ್ದೆ. ನೀನು ಬೇಡ ಅಂತಿದ್ದೆ ಅಂತ ಗೊತ್ತಿತ್ತು, ಅದ್ಕೇ ಕೇಳ್ಲಿಲ್ಲ.’

ಗೊತ್ತಿತ್ತಂತೆ! ಕಪಾಳಕ್ಕೆ ಹೊಡೆದಿದ್ದರೂ ಇಷ್ಟು ಉರಿಯುತ್ತಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳ ಮೊಬೈಲು ಬಡಿದುಕೊಂಡಿತು. ಯಾರೋ ನೆಂಟರು ಸೈಟು ನೋಡಿ ಹೊಗಳಲು ಫೋನ್ ಮಾಡಿದ್ದರು. ಅವಳು ಕಿಟಕಿಯ ಕಡೆ ತಿರುಗಿ ತಮ್ಮ ಮನೆಮಾತಿಗೆ ಇಳಿದಳು.

‘ಹೌದು ಅತ್ತೆ, ಆನೇ ಮಾಡಿದ್ದು. ಬೇರೆ ಯಾರೂ ಇಲ್ಲೆ.’

‘ಆನು’ ಎಂದರೆ ನಾನು ಎಂದು ಇಷ್ಟು ವರ್ಷ ಜೊತೆಗಿದ್ದವಳಿಗೆ ತಿಳಿಯುವುದಿಲ್ಲ ಎಂದುಕೊಂಡಳೋ, ತಿಳಿದರೆ ತಿಳಿಯಲಿ ಎಂದುಕೊಂಡಳೋ. ನಾನು ಊಟದ ಡಬ್ಬಿ ಎತ್ತಿಕೊಂಡು ಮೆಟ್ಟಿಲಿಳಿದೆ. ಮತ್ತೆ ಆ ಮೆಟ್ಟಿಲು ಹತ್ತಲಿಲ್ಲ.

ಬಸ್ಸಿನಲ್ಲಿ ಇಡೀ ದಾರಿ ಒಂದೇ ಯೋಚನೆ. ಅವ್ವನಿಗೆ ಹೇಳುವುದೋ ಬೇಡವೋ? ಅವಳಿಗೆ ಹೇಗೂ ಕಾಣುವುದಿಲ್ಲ. ದಂಡಿಗೆ ಇನ್ನೂ ಖಾಲಿ ಇದೆ ಎಂದೇ ಇರಲಿ. ನನ್ನ ಮದುವೆಯ ದಿನ ಅದೇ ಗೋಡೆಯ ಎದುರು ಕೂತುಬಿಡುತ್ತೇನೆ, ಯಾರಿಗೆ ಗೊತ್ತಾಗಬೇಕು? ಹೀಗೆ ನಿರ್ಧಾರ ಮಾಡಿಕೊಂಡೇ ಮನೆಯೊಳಗೆ ಕಾಲಿಟ್ಟೆ.

ಅವ್ವ ಅಂಗಳದಲ್ಲಿ ಕೆಮ್ಮಣ್ಣು ಕಲಸುತ್ತಿದ್ದಳು.

‘ಎಂತಕ್ಕವ್ವ ಇದು?’

‘ಗೋಡೆ ಸಾರ್ಸೂಕೆ. ಒಂದು ಹಸೆ ಒಂದೇ ಜೋಡಿಗೆ ಅಲ್ವೇನೇ.’

ಅವಳು ಮಣ್ಣಿನ ಬೆರಳನ್ನೇ ಎತ್ತಿ ತೋರಿಸಿದಳು.

‘ಆ ತಂಗಿ ಕೈಗೆ ಕೊಟ್ಟಾಗ್ಲೇ ಗೊತ್ತಾತು. ಗೆರೆ ಉಬ್ಬಿತ್ತಲ್ಲ, ನಂದೇ ಗೆರೆ. ಬೆರಳಾಡ್ಸ್ಕಂಡು ದಂಡಿಗೆಗೆ ಬಂದೆ, ಒಳಗೆ ಇಬ್ರು ಕೂತಿದ್ರು. ನಿಂಗೆ ತಿಳಿದ್ರೆ ಬೇಜಾರಾಗ್ತದೆ ಅಂತ ಸುಮ್ನಿದ್ದೆ. ನೀನು ಮುಹೂರ್ತ ಅಂದಾಗ ನಿನ್ ಸ್ವರ ಒಡ್ದಿತ್ತು.’

‘ಅವ್ಳೆದುರೇ ಬೈಯೂಕಾಗ್ಲಿಲ್ವ ನಿಂಗೆ?’ ಎಂದು ಕಿರುಚಿದೆ. ‘ಆಸ್ರಿ ಬೇರೆ ಕೊಟ್ಯಲ್ಲ!’

ಅವ್ವ ಮಣ್ಣಿನ ಗಡಿಗೆಯನ್ನು ನನ್ನ ಕೈಗೆ ಕೊಟ್ಟು ಒಳಗೆ ನಡೆದಳು. ಗೋಡೆಯನ್ನು ತಡವಿ ತಡವಿ ಮೂಲೆಯಿಂದ ಶುರು ಮಾಡಿದಳು. ಸೂರ್ಯ ಹೋದ, ಚಂದ್ರ ಹೋದ. ದಂಡಿಗೆಯ ಹತ್ತಿರ ಬಂದಾಗ ಕೈ ಸ್ವಲ್ಪ ನಿಂತಿತು, ಆಮೇಲೆ ಅದನ್ನೂ ಮುಚ್ಚಿತು. ನಾನು ಗಡಿಗೆ ಹಿಡಿದುಕೊಂಡು ಬಿಕ್ಕುತ್ತಿದ್ದೆ.

‘ಕೇಳಿದ್ರೆ ಅವ್ಳಿಗೂ ಒಂದು ಬರ್ದು ಕೊಡ್ತಿದ್ನಲ್ಲೇ’ ಎಂದಳು ಅವ್ವ. ‘ಆವಾಗ ಕಣ್ಣಿತ್ತು.’